ಬೇನೆ ಬಂದಾಗ ಅಂಗಾತ ಮಲಗಲೇಬೇಕೆಂದಿಲ್ಲ: ಹೆರಿಗೆಯ ಭಂಗಿಗಳ ಕೈಪಿಡಿ

ಆಸ್ಪತ್ರೆಗೆ ಸೇರಿದ ಕೂಡಲೇ ಮಂಚ ತೋರಿಸುತ್ತಾರೆ, ಮಂಚ ಕಂಡ ಕೂಡಲೇ ಬಸುರಿ ಅಂಗಾತ ಮಲಗುತ್ತಾಳೆ. ಹಾಗೆ ಮಲಗು ಎಂದು ಎಷ್ಟೋ ಸಲ ಯಾರೂ ಹೇಳಿರುವುದೇ ಇಲ್ಲ. ಗರ್ಭಕೋಶದ ಬಾಯಿ ತೆರೆಯುವ ಆ ಹಲವು ಗಂಟೆಗಳನ್ನು ಅಂಗಾತ ಕಳೆಯುವುದಕ್ಕೆ ಸಹಜ ಹೆರಿಗೆಯಲ್ಲಿ ವೈದ್ಯಕೀಯ ಕಾರಣವೇನೂ ಇಲ್ಲ. ಹಾಗೆ ಮಲಗದಿರುವುದಕ್ಕೆ ಕಾರಣಗಳಿವೆ.

ತುಂಬಿದ ಗರ್ಭಕೋಶ, ಮಗು, ನೀರು, ಮಾಸು ಎಲ್ಲ ಸೇರಿದರೆ ಸುಮಾರು 5 ಕಿಲೋ ಭಾರ. ಅಂಗಾತ ಮಲಗಿದಾಗ ಅಷ್ಟೂ ಭಾರ ಬೆನ್ನುಮೂಳೆಯ ಮುಂದೆ ಹಾದುಹೋಗುವ ದೊಡ್ಡ ರಕ್ತನಾಳಗಳ ಮೇಲೆ ಕೂರುತ್ತದೆ. ಕಾಲಿನಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಕೆಲವರಿಗೆ ತಲೆ ತಿರುಗುತ್ತದೆ, ಬೆವರುತ್ತದೆ, ಓಕರಿಕೆ ಬರುತ್ತದೆ. ಮಾಸಿಗೆ ಹೋಗುವ ರಕ್ತವೂ ತಗ್ಗಿ ಮಗುವಿನ ಎದೆಬಡಿತ ಇಳಿಯಬಹುದು. ಎಡ ಮಗ್ಗುಲಿಗೆ ತಿರುಗಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಇನ್ನೊಂದು ಕಾರಣ ಎಲುಬಿನದು. ಸೊಂಟದ ಗೂಡಿನ ಹಿಂಭಾಗದ ತ್ರಿಕಾಸ್ಥಿ ಮತ್ತು ಬಾಲಮೂಳೆ ಹೆರಿಗೆಯ ಹೊತ್ತಿಗೆ ಸ್ವಲ್ಪ ಹಿಂದಕ್ಕೆ ಸರಿದು ದಾರಿ ಬಿಡಬೇಕು. ಹಾಸಿಗೆ ಅದನ್ನು ಒತ್ತಿ ಹಿಡಿದರೆ ಸರಿಯುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿ ಇದನ್ನೇ ಹೇಳುತ್ತದೆ: ತೊಂದರೆಯಿಲ್ಲದ ಬಸುರಿ ಬೇನೆಯ ಹೊತ್ತಿನಲ್ಲಿ ಓಡಾಡಲಿ, ನೆಟ್ಟಗಿರಲಿ, ಹೆರುವ ಭಂಗಿಯನ್ನು ಅವಳೇ ಆರಿಸಿಕೊಳ್ಳಲಿ. ಲೇಬರ್ ರೂಮುಗಳ ಗುಣಮಟ್ಟ ಸುಧಾರಿಸಲೆಂದು ಭಾರತ ಸರಕಾರ 2017ರಲ್ಲಿ ತಂದ ‘ಲಕ್ಷ್ಯ’ ಕಾರ್ಯಕ್ರಮದಲ್ಲೂ ಜತೆಗಾರ್ತಿ ಮತ್ತು ಭಂಗಿಯ ಆಯ್ಕೆಯ ಮಾತಿದೆ. ಬೇನೆಯ ಮೊದಲ ಹಂತದಲ್ಲಿ, ಅಂದರೆ ಗರ್ಭಕೋಶದ ಬಾಯಿ ತೆರೆಯುವ ಹೊತ್ತಿನಲ್ಲಿ, ನೆಟ್ಟಗಿದ್ದವರಿಗೆ ಆ ಹಂತ ಸರಾಸರಿ 1 ಗಂಟೆ 22 ನಿಮಿಷ ಬೇಗ ಮುಗಿಯಿತು ಎಂದು 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಕಂಡುಕೊಂಡರು. ಸಿಸೇರಿಯನ್ ಕೂಡ ಸ್ವಲ್ಪ ಕಡಿಮೆ.

ಇದು ಕೇರಳದ ಕಾಸರಗೋಡಿನ ಕಡೆಯ, ಆಸ್ಪತ್ರೆಯಲ್ಲಿ ಹೆರುವ ಕನ್ನಡದ ಹೆಂಗಸರಿಗಾಗಿ ಬರೆದದ್ದು. ಇದನ್ನು ಓದಿ ಮನೆಯಲ್ಲಿ ಹೆರಿಗೆ ಮಾಡಿಸಲು ಹೊರಡಬೇಡಿ. ರಕ್ತಸ್ರಾವ ಜೋರಾದರೆ ಯಾವ ಭಂಗಿಯೂ ಅದನ್ನು ನಿಲ್ಲಿಸದು. ಮಾಸು ಕೆಳಗಿದೆ ಎಂದು ಸ್ಕ್ಯಾನಿನಲ್ಲಿ ಬಂದವರು, ಬಿಪಿ ಹೆಚ್ಚಿದವರು, ಅವಳಿ ಇರುವವರು, ಮಗು ಅಡ್ಡ ಅಥವಾ ಬುಡ ಕೆಳಗಾಗಿ ಇರುವವರು, ಹಿಂದೆ ಸಿಸೇರಿಯನ್ ಆದವರು ಕೆಳಗಿನ ಒಂದೊಂದನ್ನೂ ಡಾಕ್ಟರಲ್ಲಿ ಕೇಳಿಯೇ ಮಾಡಬೇಕು.

36 ವಾರಕ್ಕೆ ಕೇಳಬೇಕಾದದ್ದು

ಬೇನೆ ಏರಿದ ಮೇಲೆ ವಾದ ಮಾಡಲು ಯಾರಿಗೂ ತ್ರಾಣವಿರುವುದಿಲ್ಲ. ಹೊಸದುರ್ಗದಲ್ಲಾಗಲಿ (ಕಾಞಂಗಾಡ್), ಕಾಸರಗೋಡು ಪೇಟೆಯಲ್ಲಾಗಲಿ, ಗಡಿ ದಾಟಿ ಮಂಗಳೂರಿನಲ್ಲಾಗಲಿ, ಹೆರಿಗೆ ಎಲ್ಲಿ ಎಂದು ನಿಶ್ಚಯವಾದ ಮೇಲೆ ಒಮ್ಮೆ ಹೋಗಿ ಕೇಳಿಟ್ಟುಕೊಳ್ಳಿ: ಲೇಬರ್ ರೂಮಿಗೆ ಒಬ್ಬರು ಹೆಂಗಸು ಜತೆಗೆ ಬರಬಹುದೇ? ಬೇನೆಯ ಹೊತ್ತಿನಲ್ಲಿ ಎದ್ದು ನಡೆಯಲು ಬಿಡುತ್ತೀರಾ? ಮಗ್ಗುಲಾಗಿ ಅಥವಾ ಮಂಡಿಯೂರಿ ಹೆರಿಗೆ ಮಾಡಿಸಿ ಅಭ್ಯಾಸವಿದೆಯೇ? ಮಂಚದ ತಲೆಭಾಗ ಮೇಲೇಳುತ್ತದೆಯೇ? ಮೂರನೆಯದಕ್ಕೆ ‘ಇಲ್ಲ’ ಎಂದರೆ ಬೇಸರಿಸಬೇಡಿ. ಅಭ್ಯಾಸವಿಲ್ಲದ ಕೈಗೆ ಹೊಸ ಭಂಗಿ ಕೊಡುವುದಕ್ಕಿಂತ, ಮೊದಲ ಹಂತವನ್ನೆಲ್ಲ ನಿಮಗೆ ಬೇಕಾದಂತೆ ಕಳೆದು, ಕೊನೆಗೆ ತಲೆಭಾಗ ಎತ್ತಿದ ಮಂಚಕ್ಕೆ ಬರುವುದು ಒಳ್ಳೆಯ ಒಪ್ಪಂದ.

ಕರ್ನಾಟಕದ ಕಡೆಯಿಂದ ಮದುವೆಯಾಗಿ ಬಂದ ಸೊಸೆಯರಿಗೆ ಮಲಯಾಳ ಬಾರದ ಪೇಚು ಲೇಬರ್ ರೂಮಿನಲ್ಲೇ ಹೆಚ್ಚು. ಇಷ್ಟು ಕಲಿತುಕೊಂಡರೆ ಸಾಕು. ‘ಚರಿಞ್ಞು ಕಿಡಕ್ಕಟ್ಟೆ?’ ಎಂದರೆ ಮಗ್ಗುಲಾಗಿ ಮಲಗಲೇ. ‘ನಡಕ್ಕಾಮೋ?’ ಎಂದರೆ ನಡೆಯಬಹುದೇ. ನರ್ಸ್ ‘ಮಲರ್ನು ಕಿಡಕ್ಕ್’ ಎಂದರೆ ಅಂಗಾತ ಮಲಗು ಎಂದು. ಎಲ್ಲಕ್ಕಿಂತ ಮುಖ್ಯವಾದ ಜೋಡಿ ‘ಮುಕ್ಕ್’ ಮತ್ತು ‘ಮುಕ್ಕಲ್ಲೇ’. ಮೊದಲನೆಯದು ತಿಣುಕು ಎಂದು, ಎರಡನೆಯದು ತಿಣುಕಬೇಡ ಎಂದು. ಮಗುವಿನ ತಲೆ ಹೊರಬರುವ ಗಳಿಗೆಯಲ್ಲಿ ಇವೆರಡು ಅದಲುಬದಲಾದರೆ ಚರ್ಮ ಹರಿಯುತ್ತದೆ.

ಚೀಲದಲ್ಲಿ ಹಾಕಿಕೊಳ್ಳಿ: ಎರಡು ದಪ್ಪ ಬೈರಾಸು, ಅಂದರೆ ಟವೆಲ್ (ಒಂದು ಮಂಡಿಯಡಿಗೆ, ಒಂದು ಹಿಮ್ಮಡಿಯಡಿಗೆ), ಒಂದು ಹೆಚ್ಚುವರಿ ತಲೆದಿಂಬು, ಮುಂದೆ ಗುಂಡಿಯಿರುವ ಸಡಿಲ ನೈಟಿ, ಒದ್ದೆ ನೆಲದಲ್ಲಿ ಜಾರದ ಚಪ್ಪಲಿ. ಸವೆದ ಹವಾಯಿ ಚಪ್ಪಲಿ ಬೇಡ.

ಕುಕ್ಕುರುಗಾಲಲ್ಲಿ ಕೂರುವುದು ಅಜ್ಜಿಯರಿಗೆ ದಿನದ ಕೆಲಸ. ಈಗಿನವರಿಗೆ ಕಮೋಡ್ ಬಂದು ಆ ಅಭ್ಯಾಸ ತಪ್ಪಿದೆ. ಬೇನೆಯ ದಿನ ಮೊದಲ ಸಲ ಕುಳಿತರೆ ಎರಡು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಡಾಕ್ಟರ್ ಬೇಡವೆನ್ನದಿದ್ದರೆ 34ನೇ ವಾರದಿಂದ ಕಿಟಕಿಯ ಸರಳು ಹಿಡಿದು, ಪಾದ ಪೂರ್ತಿ ನೆಲಕ್ಕೂರಿ, ದಿನಕ್ಕೆ ನಾಲ್ಕೈದು ಸಲ ಅರ್ಧರ್ಧ ನಿಮಿಷ ಕುಳಿತೇಳಿ. ಹಿಮ್ಮಡಿ ಮೇಲೇಳುವುದಾದರೆ ಅದರಡಿಗೆ ಮಡಚಿದ ಬೈರಾಸು.

ಮನೆಯಿಂದ ಹೊರಡುವವರೆಗೆ

ಚೊಚ್ಚಲಿಗೆ ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆಯುವವರೆಗಿನ ಕಾಲ ಎಷ್ಟು ದೀರ್ಘ ಎಂದು ಹೇಳಲಾಗದು, ಒಂದು ರಾತ್ರಿಯೂ ಹೋದೀತು. ಈ ಹೊತ್ತಿನಲ್ಲಿ ಅಂಗಳದಲ್ಲಿ ಸುತ್ತು ಹಾಕಿಯೇ ಸುಸ್ತಾಗುವವರಿದ್ದಾರೆ. ಅದು ತಪ್ಪು. ರಾತ್ರಿಯಾದರೆ ಎಡ ಮಗ್ಗುಲಾಗಿ ಮಲಗಿ ನಿದ್ದೆ ಮಾಡಿ, ಹಗಲಾದರೆ ಸ್ವಲ್ಪ ನಡೆದು ಸ್ವಲ್ಪ ಕೂರಿ. ಗಂಜಿ, ಬೊಂಡದ ನೀರು (ಎಳನೀರು), ಬಾಳೆಹಣ್ಣು ನಡೆಯುತ್ತದೆ.

ಚೊಚ್ಚಲಿಗೆ 5 ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷ ನಿಲ್ಲುವ ಬೇನೆ ಒಂದು ಗಂಟೆ ಬಿಡದೆ ಬಂದರೆ ಹೊರಡುವ ಸಮಯ. ಅಡೂರು, ಮುಳ್ಳೇರಿಯ, ಪೆರ್ಲ ಕಡೆಯ ಗುಡ್ಡದ ದಾರಿಯವರು, ಅದರಲ್ಲೂ ಆಟಿ ತಿಂಗಳ ಮಳೆಗೆ, ಅಷ್ಟು ಕಾಯಬಾರದು. ಎರಡನೆಯ ಹೆರಿಗೆಯವರಂತೂ ಕಾಯಲೇಬಾರದು. ಕಾರಿನಲ್ಲಿ ಸೀಟು ಹಿಂದಕ್ಕೆ ಮಲಗಿಸಿ ಅಂಗಾತ ಬೀಳಬೇಡಿ. ಸೊಂಟ ಸ್ವಲ್ಪ ಎಡಕ್ಕೆ ವಾಲಿಸಿ ಕೂರಿ, ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ ತೊಡೆಯ ಮೇಲೆ ಬರಲಿ. 108ರ ಸ್ಟ್ರೆಚರಿನಲ್ಲಿ ಎಡ ಮಗ್ಗುಲು.

ಬಾಯಿ ತೆರೆಯುವ ಹಂತದಲ್ಲಿ

ಯಾವ ಭಂಗಿ ಒಳ್ಳೆಯದು ಎಂಬ ಪ್ರಶ್ನೆಗೆ ಅನುಭವಿ ಸೂಲಗಿತ್ತಿಯರ ಉತ್ತರ ‘ಮುಂದಿನದು’ ಎಂದೇ ಇರುತ್ತದೆ. ಒಂದೊಂದರಲ್ಲಿ ಐದಾರು ಬೇನೆ ಅಥವಾ 20ರಿಂದ 30 ನಿಮಿಷ, ಆಮೇಲೆ ಬದಲಿಸುವುದು. ಮೊದಲ ಒಂದೆರಡು ಬೇನೆಗೆ ಯಾವ ಹೊಸ ಭಂಗಿಯೂ ಹೆಚ್ಚು ನೋವೆನಿಸುತ್ತದೆ. ಮೂರನೆಯದಕ್ಕೂ ತಡೆಯಲಾಗದಿದ್ದರೆ ಮಾತ್ರ ಬಿಡಿ.

ನಿಂತು ಮುಂದಕ್ಕೆ ವಾಲುವುದು ಎಲ್ಲರಿಗೂ ಸುಲಭ. ಗೋಡೆಗೋ ಕಿಟಕಿಯ ಕಟ್ಟೆಗೋ ಮೊಣಕೈ ಊರಿ, ಮಂಡಿ ಸಡಿಲ ಬಿಟ್ಟು, ಬೇನೆ ಬಂದಾಗ ಸೊಂಟ ಎಡಕ್ಕೆ ಬಲಕ್ಕೆ ತೂಗುವುದು. ಜತೆಗೆ ಅಮ್ಮ ಇದ್ದರೆ ಅವರ ಕೊರಳಿಗೆ ಕೈ ಹಾಕಿ ಜೋತುಬಿದ್ದ ಹಾಗೆ ನಿಲ್ಲಬಹುದು. ಆದರೆ ಜೋತುಬೀಳುವ ಭಾರ ಅವರ ಬೆನ್ನಿಗೆ ಬೀಳದಂತೆ ಅವರು ಗೋಡೆಗೆ ಒರಗಿರಲಿ. ಈ ಎಚ್ಚರಿಕೆ ತಪ್ಪಿದರೆ ಬೆಳಗ್ಗೆ ಇಬ್ಬರು ಬಾಣಂತಿಯರು.

ಕುರ್ಚಿಗೆ ಹಿಮ್ಮುಖವಾಗಿ ಕೂರುವುದು ದಣಿದವರಿಗೆ. ಕೈಯಿಲ್ಲದ ಕುರ್ಚಿ ಬೇಕು. ಎಲ್ಲೆಡೆ ಇರುವ ಕೈಯುಳ್ಳ ಪ್ಲಾಸ್ಟಿಕ್ ಕುರ್ಚಿ ಇದಕ್ಕೆ ಆಗದು. ಬೆನ್ನಿನ ಒರಗಿಗೆ ದಿಂಬಿಟ್ಟು ಅದರ ಮೇಲೆ ಎದೆ ಚಾಚಿದರೆ ಬೆನ್ನು ಪೂರ್ತಿ ಜತೆಗಾರ್ತಿಯ ಕೈಗೆ ಸಿಗುತ್ತದೆ. ಹೆರಿಗೆಯ ಚೆಂಡು ಇದ್ದರೆ 160 ಸೆಂ.ಮೀ.ಗಿಂತ ಗಿಡ್ಡವರಿಗೆ 55, ಅದಕ್ಕಿಂತ ಎತ್ತರದವರಿಗೆ 65 ಸೆಂ.ಮೀ. ಅಳತೆಯದು. ಕುಳಿತಾಗ ಮಂಡಿ ಸೊಂಟಕ್ಕಿಂತ ತುಸು ಕೆಳಗಿರಬೇಕು. ಮೇಲಿದ್ದರೆ ಗಾಳಿ ಸಾಲದು.

ನಾಲ್ಕು ಕಾಲಿನ ಭಂಗಿ, ಅಂದರೆ ಮಂಡಿ ಮತ್ತು ಅಂಗೈ ಊರುವುದು, ಬೆನ್ನಿಗೆ ಬೇನೆ ಬರುವವರಿಗೆ ಸಂಜೀವಿನಿ. ಮಗುವಿನ ತಲೆಯ ಹಿಂಭಾಗ ತಾಯಿಯ ಬೆನ್ನಿನ ಕಡೆಗಿದ್ದರೆ ಬೇನೆ ಹೊಟ್ಟೆಗಿಂತ ಸೊಂಟಕ್ಕೇ ಹೆಚ್ಚು, ನಡುವೆ ಪೂರ್ತಿ ಇಳಿಯುವುದೂ ಇಲ್ಲ. ಈ ಭಂಗಿಯಲ್ಲಿ ಭಾರ ಬೆನ್ನಿನಿಂದ ತೊಟ್ಟಿಲಿನಂತೆ ಮುಂದಕ್ಕೆ ಜೋಲುತ್ತದೆ, ನೋವು ತಗ್ಗುತ್ತದೆ. ಮಗು ಇದರಿಂದ ತಿರುಗಿಯೇ ಬಿಡುತ್ತದೆ ಎಂದು ಹೇಳುವವರಿದ್ದಾರೆ. ಅಧ್ಯಯನಗಳು ಅಷ್ಟು ಧೈರ್ಯವಾಗಿ ಹೇಳುವುದಿಲ್ಲ. ಮಣಿಕಟ್ಟು ಸೋತರೆ ಎದೆಯನ್ನು ಮಂಚದ ಮೇಲೋ ದಿಂಬಿನ ರಾಶಿಯ ಮೇಲೋ ಊರಿ ಮಂಡಿಯಲ್ಲೇ ಇರಿ. ನಮ್ಮ ಹೆಂಗಸರು ಈ ಭಂಗಿಗೆ ನಾಚುತ್ತಾರೆ. ಸೊಂಟದ ಮೇಲೊಂದು ಬೈರಾಸು ಹೊದೆಸಿದರೆ ಅರ್ಧ ಸಂಕೋಚ ಕಳೆಯುತ್ತದೆ.

ಜತೆಗಾರ್ತಿಯ ಕೆಲಸ ಇಲ್ಲಿ ದೊಡ್ಡದು. ಬೇನೆ ಏರುವಾಗ ಅಂಗೈಯ ಬುಡವನ್ನು ತ್ರಿಕಾಸ್ಥಿಯ ಮೇಲಿಟ್ಟು ನೇರ ಒತ್ತಬೇಕು, ಉಜ್ಜಬಾರದು. ಬೇನೆ ಇಳಿಯುವಾಗ ಮೆಲ್ಲಗೆ ಬಿಡಬೇಕು. ಎಷ್ಟು ಬಲ ಎಂದು ಬಸುರಿಯೇ ಹೇಳಲಿ, ಹೆಚ್ಚಿನವರು ‘ಇನ್ನೂ ಒತ್ತಿ’ ಎನ್ನುತ್ತಾರೆ. ಎಣ್ಣೆ ಹಚ್ಚಿದರೆ ಕೈ ಜಾರುತ್ತದೆ, ಒಣ ಕೈಯೇ ಮೇಲು.

ಬೇನೆ ಚೆನ್ನಾಗಿದ್ದೂ ತಲೆ ಇಳಿಯದಿದ್ದರೆ ಒಂದು ಕಾಲನ್ನು 30 ಸೆಂ.ಮೀ. ಎತ್ತರದ ಗಟ್ಟಿ ಮಣೆಯ ಅಥವಾ ಮಂಚದ ಮೆಟ್ಟಿಲಿನ ಮೇಲಿಟ್ಟು ಬೇನೆಯ ಹೊತ್ತಿನಲ್ಲಿ ಆ ಮಂಡಿಯ ಕಡೆ ವಾಲುವುದನ್ನು ಪ್ರಯತ್ನಿಸಬಹುದು. ಐದಾರು ಬೇನೆಯ ನಂತರ ಇನ್ನೊಂದು ಕಾಲು. ಪಕ್ಕದಲ್ಲಿ ಹಿಡಿದುಕೊಳ್ಳಲು ಆಳು ಬೇಕೇ ಬೇಕು.

ಎರಡು ಗಂಟೆಗೊಮ್ಮೆಯಾದರೂ ಉಚ್ಚೆ ಹೊಯ್ಯಿರಿ. ತುಂಬಿದ ಮೂತ್ರಕೋಶ ತಲೆಯ ದಾರಿಗೆ ಅಡ್ಡ. ಆದರೆ ಬೇನೆ ಬಲವಾದ ಮೇಲೆ ‘ಎರಡಕ್ಕೆ ಬಂದ ಹಾಗಾಗುತ್ತದೆ’ ಎನಿಸಿದರೆ ಒಬ್ಬರೇ ಪಾಯಿಖಾನೆಗೆ ಹೋಗಬೇಡಿ, ನರ್ಸಿಗೆ ಹೇಳಿ. ಗುದದ ಮೇಲೆ ಒತ್ತುತ್ತಿರುವುದು ಮಗುವಿನ ತಲೆಯಾಗಿರಬಹುದು.

ಡ್ರಿಪ್ ಹಾಕಿದ್ದಾರೆ, ಇನ್ನು ಏಳುವಂತಿಲ್ಲ ಎಂದುಕೊಳ್ಳುವವರು ಬಹಳ. ಡ್ರಿಪ್ಪಿನ ಕಂಬಕ್ಕೆ ಚಕ್ರವಿದ್ದರೆ ಅದನ್ನು ತಳ್ಳಿಕೊಂಡು ನಡೆಯಬಹುದು. ಮಗುವಿನ ಎದೆಬಡಿತದ ಬೆಲ್ಟು ಕಟ್ಟಿದಾಗ ಕುಳಿತುಕೊಳ್ಳಬಹುದು, ಮಗ್ಗುಲಾಗಬಹುದು, ಮಂಚದ ಪಕ್ಕ ನಿಲ್ಲಲೂಬಹುದು. ಬೆಲ್ಟು ಜಾರಿ ಬಡಿತ ಕೇಳದಾದರೆ ನರ್ಸ್ ಗಾಬರಿಯಾಗುತ್ತಾರೆ, ಆದ್ದರಿಂದ ತಿರುಗುವ ಮೊದಲು ಒಂದು ಮಾತು ಹೇಳಿ.

ನೀರು ಒಡೆದರೆ ಮಾತ್ರ ಜಾಗ್ರತೆ. ತಲೆ ಇನ್ನೂ ಕೆಳಗೆ ಕೂತಿರದಿದ್ದರೆ ನೀರಿನ ಜತೆ ಹೊಕ್ಕುಳಬಳ್ಳಿ ಜಾರಿ ಬರಬಹುದು. ನೀರು ಹೋದ ಕೂಡಲೇ ಮಲಗಿ ನರ್ಸಿಗೆ ಹೇಳಿ, ಬಡಿತ ಮತ್ತು ತಲೆಯ ಜಾಗ ನೋಡಿ ಅವರು ಸರಿ ಎಂದ ಮೇಲೆ ಏಳಿ. ಮನೆಯಲ್ಲಿರುವಾಗ ಬಳ್ಳಿ ಹೊರಗೆ ಕಂಡರೆ ಮಂಡಿಯೂರಿ, ಎದೆ ನೆಲಕ್ಕೆ ತಾಗಿಸಿ, ಕುಂಡೆ ಮೇಲೆತ್ತಿ ಇರಿ, 108ಕ್ಕೆ ಫೋನ್ ಮಾಡಿಸಿ, ಬಳ್ಳಿಯನ್ನು ಒಳಗೆ ತಳ್ಳಬೇಡಿ. ಇದು ನಿಮಿಷಗಳ ಲೆಕ್ಕದ ಅಪಾಯ.

ತಿಣುಕುವ ಹಂತದಲ್ಲಿ

ಬಾಯಿ ಪೂರ್ತಿ ತೆರೆದ ಮೇಲೆ ಚೊಚ್ಚಲಿಗೆ 3 ಗಂಟೆಯವರೆಗೆ, ಮುಂದಿನದಕ್ಕೆ 2 ಗಂಟೆಯವರೆಗೆ ಹಿಡಿಯಬಹುದು. ಬಾಯಿ ತೆರೆದಿದೆ ಎಂದ ಮಾತ್ರಕ್ಕೆ ತಿಣುಕಲು ಹೊರಡಬೇಡಿ, ತಾನಾಗಿ ಒತ್ತಡ ಬರಲಿ.

ಅಂಗಾತ ಮಲಗಿ ಕಾಲು ಮೇಲೆ ಕಟ್ಟುವ ಭಂಗಿ ಉಳಿದುಕೊಂಡದ್ದು ನೋಡುವವರಿಗೆ ಅನುಕೂಲವೆಂದು. ಮಗುವಿನ ತಲೆ ಹಿಡಿದೆಳೆಯುವ ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಉಪಕರಣ ಹಾಕುವಾಗ, ಹೊಲಿಗೆ ಹಾಕುವಾಗ ಅದು ನಿಜವಾಗಿಯೂ ಬೇಕು. ಬೇರೆ ಹೊತ್ತಿನಲ್ಲಿ ‘ಗುಡ್ಡಕ್ಕೆ ಮಗು ಹತ್ತಿಸಿದ ಹಾಗೆ’ ಎಂಬುದು ಹೆತ್ತವರ ದೂರು, ಅದು ಸುಳ್ಳಲ್ಲ. ಹೆರಿಗೆಯ ದಾರಿ ಕೊನೆಯಲ್ಲಿ ಮುಂದಕ್ಕೆ ಬಾಗಿರುವುದರಿಂದ ಅಂಗಾತ ಮಲಗಿದಾಗ ಅದು ಮೇಲಕ್ಕೆ ಮುಖ ಮಾಡುತ್ತದೆ. ಅದೇ ಭಂಗಿ ಅನಿವಾರ್ಯವಾದರೆ ಮೂರು ತಿದ್ದುಪಡಿ ಕೇಳಿ: ತಲೆಭಾಗ 30ರಿಂದ 45 ಡಿಗ್ರಿ ಎತ್ತಲಿ, ಬಲಸೊಂಟದಡಿಗೆ ಮಡಚಿದ ಬಟ್ಟೆಯಿಟ್ಟು ಹೊಟ್ಟೆಯನ್ನು ಎಡಕ್ಕೆ ವಾಲಿಸಲಿ, ಕಾಲುಗಳನ್ನು ಕೊನೆಯ ಗಳಿಗೆಯವರೆಗೆ ಕಟ್ಟದಿರಲಿ. ಎರಡೂ ಕಾಲು ಒಟ್ಟಿಗೆ ಎತ್ತಿ ಒಟ್ಟಿಗೆ ಇಳಿಸಬೇಕು, ಒಂದೊಂದಾಗಿ ಎಳೆದರೆ ಸೊಂಟದ ಸಂದು ಉಳುಕಿ ವಾರಗಟ್ಟಲೆ ನೋಯುತ್ತದೆ. ತಿಣುಕುವಾಗ ತೊಡೆಯನ್ನು ಎದೆಯವರೆಗೆ ಬಲವಂತವಾಗಿ ಬಗ್ಗಿಸಿ ಹಿಡಿಯುವುದೂ ಬೇಡ.

ಎಡ ಮಗ್ಗುಲಿನ ಭಂಗಿಯನ್ನು ನಮ್ಮಲ್ಲಿ ಯಾರೂ ಹೆರಿಗೆಯ ಭಂಗಿಯೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಸ್ಪತ್ರೆಯನ್ನು ಒಪ್ಪಿಸಲು ಸುಲಭವಾದದ್ದು ಅದೇ. ಮಂಚ ಬದಲಿಸಬೇಕಿಲ್ಲ, ಬಡಿತ ಕೇಳಿಸುತ್ತದೆ, ಡಾಕ್ಟರಿಗೆ ಕಾಣಿಸುತ್ತದೆ. ಎಡಕ್ಕೆ ಮಲಗಿ, ಬೇನೆ ಬಂದಾಗ ಮೇಲಿನ ಕಾಲನ್ನು ಜತೆಗಾರ್ತಿ ಮಂಡಿಯ ಕೆಳಗೆ ಹಿಡಿದೆತ್ತಬೇಕು, ಬೇನೆ ಇಳಿದಾಗ ದಿಂಬಿನ ಮೇಲಿಡಬೇಕು. ತಲೆ ಮೆಲ್ಲಗೆ ಬರುವುದರಿಂದ ಚರ್ಮಕ್ಕೆ ಹಿಗ್ಗಲು ಸಮಯ ಸಿಗುತ್ತದೆ. ಬಿಪಿ ಇರುವವರಿಗೆ, ಸೋತವರಿಗೆ, ಮಗು ಬಿರುಸಾಗಿ ಬರುವ ಎರಡನೆಯ ಹೆರಿಗೆಗೆ ಹೇಳಿ ಮಾಡಿಸಿದ ಭಂಗಿ. ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ತೆಗೆದುಕೊಂಡ ಚೊಚ್ಚಲಿನವರಿಗೂ ಇದೇ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಎಪಿಡ್ಯೂರಲ್ ಪಡೆದು ಮಗ್ಗುಲಾಗಿ ಮಲಗಿದವರಲ್ಲಿ ನೂರಕ್ಕೆ 41 ಮಂದಿ ಉಪಕರಣದ ನೆರವಿಲ್ಲದೆ ಹೆತ್ತರು, ನೆಟ್ಟಗಿದ್ದವರಲ್ಲಿ 35. ನೆಟ್ಟಗಿದ್ದರೇ ಎಲ್ಲರಿಗೂ ಒಳ್ಳೆಯದು ಎಂಬ ಹಟ ಬೇಡ ಎನ್ನುವುದಕ್ಕೆ ಇದೊಂದು ಪುರಾವೆ.

ಕುಕ್ಕುರುಗಾಲಲ್ಲಿ ಸೊಂಟದ ಕೆಳಬಾಗಿಲು ಅಗಲವಾಗುತ್ತದೆ, ತಿಣುಕಲು ಬಲ ಸಿಗುತ್ತದೆ. ಕಂಬಿಯೋ ಇಬ್ಬರ ಹೆಗಲೋ ಹಿಡಿತಕ್ಕೆ ಬೇಕು. ಬೇನೆಯ ಹೊತ್ತಿಗೆ ಮಾತ್ರ ಕೂರಿ, ಇಳಿದ ಕೂಡಲೇ ಎದ್ದು ನಿಲ್ಲಿ ಅಥವಾ ಮಂಚದಂಚಿಗೆ ಕೂರಿ. ಬಹಳ ಹೊತ್ತು ಮಂಡಿ ಮಡಚಿಯೇ ಇದ್ದರೆ ಮಂಡಿಯ ಹೊರಬದಿಯ ನರ ಒತ್ತಿ ಪಾದ ಎತ್ತಲಾಗದಂತೆ ಜೋಲುಬೀಳುವುದುಂಟು. ಇಳಿಯಲು ತಡಮಾಡುವ ತಲೆಗೆ ಇದು ಒಳ್ಳೆಯದು. ಆಗಲೇ ಕಾಣಿಸುತ್ತಿರುವ ತಲೆಗೆ ಬೇಡ, ಹರಿಯುತ್ತದೆ.

ಮಂಡಿಯೂರಿ ಅಥವಾ ನಾಲ್ಕು ಕಾಲಿನಲ್ಲಿ ಹೆತ್ತವರು ನೋವು ತಡೆದುಕೊಳ್ಳುವಷ್ಟಿತ್ತು ಎನ್ನುತ್ತಾರೆ, ಜತೆಗೇ ಮಗುವಿನ ಮುಖ ಕೂಡಲೇ ಕಾಣಲಿಲ್ಲ, ಹಿಂದೆ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ ಎಂದೂ ಹೇಳುತ್ತಾರೆ. ಮಗುವನ್ನು ಹಿಡಿಯುವವರಿಗೆ ಎಲ್ಲವೂ ತಲೆಕೆಳಗಾಗಿ ಕಾಣುವುದರಿಂದ ಅಭ್ಯಾಸ ಬೇಕು. ತಲೆ ಬಂದು ಭುಜ ಸಿಕ್ಕಿಕೊಂಡರೆ ಡಾಕ್ಟರ್ ತಾವಾಗಿ ‘ತಿರುಗಿ, ಮಂಡಿಯೂರಿ’ ಎನ್ನಬಹುದು, ಆಗ ಏಕೆ ಎಂದು ಕೇಳದೆ ತಿರುಗಿ.

ಎಪಿಡ್ಯೂರಲ್ ಇಲ್ಲದವರಿಗೆ ನೆಟ್ಟಗಿರುವ ಭಂಗಿಗಳಲ್ಲಿ ಕೊಯ್ದು ದಾರಿ ಮಾಡುವುದು, ಉಪಕರಣ ಹಾಕುವುದು ಕಡಿಮೆ. ಅದರ ಎದುರು, 500 ಮಿ.ಲೀ.ಗಿಂತ ಹೆಚ್ಚು ರಕ್ತ ಹೋಗುವ ಸಾಧ್ಯತೆ ಸ್ವಲ್ಪ ಜಾಸ್ತಿ ಕಂಡಿದೆ. ರಕ್ತ ತೀರಾ ಕಡಿಮೆಯಿರುವ ಬಸುರಿಗೆ ಇದು ಸಣ್ಣ ಮಾತಲ್ಲ. ಅಂಥವರು ಮೊದಲ ಹಂತದಲ್ಲಿ ನಡೆದು, ಕೊನೆಗೆ ಮಗ್ಗುಲಾಗುವುದು ಜಾಣತನ.

ತಲೆ ಪೂರ್ತಿ ಕಾಣಿಸಿ ಒಳಗೆ ಸರಿಯದೆ ನಿಂತಾಗ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಆ ಗಳಿಗೆಯಲ್ಲಿ, ಯಾವ ಭಂಗಿಯಲ್ಲಿದ್ದರೂ, ತಿಣುಕುವುದು ನಿಲ್ಲಿಸಿ ಬಾಯಿ ತೆರೆದು ‘ಹಾ, ಹಾ’ ಎಂದು ಸಣ್ಣ ಉಸಿರು ಬಿಡಿ. ಕೈಗೆ ಹಿತವಾಗುವಷ್ಟು ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಅಲ್ಲಿಗೆ ಒತ್ತಿ ಹಿಡಿಯಲು ನರ್ಸನ್ನು ಕೇಳಬಹುದು. ಹೊಟ್ಟೆಯ ಮೇಲಿನಿಂದ ಯಾರಾದರೂ ಒತ್ತಿ ಮಗುವನ್ನು ತಳ್ಳಲು ಬಂದರೆ ಬೇಡವೆನ್ನಿ. ವಿಶ್ವ ಆರೋಗ್ಯ ಸಂಸ್ಥೆಯೂ ಬೇಡವೆಂದಿದೆ.

ಭಂಗಿ ಬಿಟ್ಟು ಡಾಕ್ಟರನ್ನು ಕರೆಯಬೇಕಾದಾಗ

ನೀರು ಹಸಿರು ಅಥವಾ ಕಂದು ಬಣ್ಣದ್ದಾಗಿದ್ದರೆ, ಲೋಳೆಯ ಜತೆಗಿನ ಗೆರೆಗಿಂತ ಹೆಚ್ಚು ರಕ್ತ ಬಂದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ತಲೆಸಿಡಿತದ ಜತೆ ಕಣ್ಣು ಮಂಜಾದರೆ, 10 ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಬೇನೆ ಬಂದರೆ, ನಡುವೆ ಇಳಿಯದ ಒಂದೇ ಸಮನೆ ನೋವಿದ್ದರೆ.

ಹೆತ್ತ ಮೇಲೆ

ಗರ್ಭಕೋಶ ಕುಗ್ಗಿ ರಕ್ತಸ್ರಾವ ತಗ್ಗಲೆಂದು ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುತ್ತಾರೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮಾಸು ಬೀಳುತ್ತದೆ. ಆ ಹೊತ್ತಿನಲ್ಲಿ ತಲೆಭಾಗ ಎತ್ತಿದ ಮಂಚದಲ್ಲಿ ಒರಗಿ ಮಗುವನ್ನು ಬರಿಮೈಗೆ ಹಾಕಿಕೊಳ್ಳಿ. ಹೊಲಿಗೆಗೆ ಅಂಗಾತ ಮಲಗಲೇಬೇಕು, ಅದಕ್ಕೆ ಮೊದಲು ಮರಗಟ್ಟಿಸುವ ಚುಚ್ಚುಮದ್ದು ಹಿಡಿದಿದೆಯೇ ಎಂದು ಹೇಳಿ. ಮೊದಲ ಸಲ ಏಳುವಾಗ ಮಂಚದಂಚಿಗೆ ಕಾಲಿಳಿಬಿಟ್ಟು 5 ನಿಮಿಷ ಕೂರಿ, ಒಬ್ಬರೇ ಬಚ್ಚಲಿಗೆ ಹೋಗಬೇಡಿ. ಬಾಣಂತಿಯರು ತಲೆ ತಿರುಗಿ ಬೀಳುವುದು ಹೆಚ್ಚಾಗಿ ಅಲ್ಲೇ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೋಯ್ದರೆ ಆಗಲೇ ನರ್ಸಿಗೆ ತೋರಿಸಿ. ಹೊಲಿಗೆಯಿದ್ದರೆ ಮಗ್ಗುಲಾಗಿ ಮಲಗಿಯೇ ಹಾಲೂಡಿಸಬಹುದು.